ಗದಿಗೆಪ್ಪ ಹಾಸಿದ ತಗಡು

ಗದಿಗೆಪ್ಪ ಲಾರಿಯನ್ನು ಕಾಲಿನ ಹೆಬ್ಬೆರಳಿನಿಂದ ನೋಡುತ್ತಿದ್ದ. ಚಪ್ಪಲಿ ಕೆಳಗೆ ಬಿಟ್ಟು ಕ್ಯಾಬಿನ್ ಹತ್ತಿ, ಡ್ರೈವರ್ ಕಾಲಿಡುವಲ್ಲಿಯ ರಬ್ಬರ್ ಹಾಸು ಸರಿಸಿ, ಬರಿಗಾಲಿನ ಬೆರಳನ್ನು ತಗಡಿನ ಮೇಲೆ ಅಲ್ಲಲ್ಲಿ ಒತ್ತುತ್ತ ಹೋಗುತ್ತಿದ್ದ. ಕಣ್ಣು ಮಾತ್ರ ಹೊರಗೆ, ಪಿ.ಬಿ. ರಸ್ತೆಯ ಬಸ್ಸುಗಳ ಮೇಲೆ. ಎಲ್ಲೋ ಒಂದು ಕಡೆ ಬೆರಳು ನಿಲ್ಲುತ್ತಿತ್ತು. "ಇಲ್ಲಿ ಕಬ್ಬಿಣ ಇಲ್ಲ, ಬರೇ ಬಣ್ಣ ಐತಿ" ಎನ್ನುತ್ತಿದ್ದ. ಉಳಿಯಿಂದ ಚುಚ್ಚಿದರೆ ತಗಡು ಹಪ್ಪಳದಂತೆ ಮುರಿದು ಕೆಳಗಿನ ನೆಲ ಕಾಣುತ್ತಿತ್ತು.

ರಾಣೆಬೆನ್ನೂರಿನ ಲಾರಿ ಗ್ಯಾರೇಜುಗಳ ಸಾಲಿನಲ್ಲಿ ಅವನ ವೆಲ್ಡಿಂಗ್ ಅಂಗಡಿ ಕೊನೆಯದು. ನಾನು ಹಾವೇರಿಯವನು. ಎಸ್ಸೆಸ್ಸೆಲ್ಸಿ ಆದಮೇಲೆ ಓದು ಬಿಟ್ಟು ಲಾರಿ ಹಿಡಿದವನು. ಎರಡು ಸಾವಿರದ ಇಸವಿ ದಾಟಿದ ಆ ಮೊದಲ ವರ್ಷಗಳಲ್ಲಿ ಒಂದು ಹಳೆಯ ಲಾರಿಯಲ್ಲಿ ಬ್ಯಾಡಗಿ ಪೇಟೆಯಿಂದ ಮೆಣಸಿನಕಾಯಿ ಸಾಗಿಸುತ್ತಿದ್ದೆ. ಹಿಂದೆ ಹಿಡಿಸದ ಚೀಲಗಳನ್ನು ಕ್ಯಾಬಿನ್ನಿನಲ್ಲೇ ತುರುಕುತ್ತಿದ್ದೆವು. ಬೀಜ, ಪುಡಿ ಎಲ್ಲ ತಗಡಿನ ಸಂದುಗಳಲ್ಲಿ ಸೇರಿಕೊಳ್ಳುತ್ತಿತ್ತು. ಗದಿಗೆಪ್ಪ ತುಕ್ಕು ಹಿಡಿದ ಭಾಗ ಕೊರೆಯಲು ಬೆಂಕಿ ಹಿಡಿದನೆಂದರೆ ಆ ಘಾಟಿಗೆ ಇಡೀ ಸಾಲೇ ಕೆಮ್ಮುತ್ತಿತ್ತು.

"ಬ್ಯಾಡಗಿ ಗಾಡಿ ಬಂತ್ರೋ, ಮೂಗ ಮುಚ್ಕೋರಿ!" ಎಂದು ಪಕ್ಕದ ಚಹಾದಂಗಡಿಯ ಶಾಂತವ್ವ ಕೂಗುತ್ತಿದ್ದಳು.

"ನಿನ್ನ ಚಹಾಕ್ಕ ಒಂದೀಟು ರುಚಿ ಬರಲಿ ತಗೋ, ಪುಕ್ಕಟೆ" ಎಂದು ಇವನು.

"ನಿನ್ನ ಬಾಯಾಗ ಮಣ್ಣ ಬೀಳಲಿ!"

ಅಂಗೈಯಷ್ಟು ತೂತು ತೋರಿಸಿದರೆ ತಲೆದಿಂಬಿನಷ್ಟು ಕೊರೆಯುವವನು ಅವನು. ಗಟ್ಟಿ ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ನಿಲ್ಲಿಸುತ್ತಿರಲಿಲ್ಲ. "ಇಡೀ ಗಾಡೀನ ಕೊರದ ಬಿಡ್ತೀ ಏನೋ ಮಾರಾಯಾ?" ಎಂದು ಮಾಲೀಕರು ರೇಗುತ್ತಿದ್ದರು. "ಸ್ಟೇರಿಂಗ್ ಬಿಡ್ತೇನ್ರಿ, ಹಿಡ್ಕೊಂಡ ನಡಕೋತ ಹೋಗ್ರಿ" ಎನ್ನುತ್ತಿದ್ದ. ಬೈದವರೇ ಮುಂದಿನ ವರ್ಷ ಮತ್ತೆ ಅವನಲ್ಲಿಗೇ ಬರುತ್ತಿದ್ದರು.

ಲಾರಿ ಮಾರಬೇಕೆಂದಾಗ ಕ್ಯಾಬಿನ್ನಿನ ತಳ ಪೂರಾ ಹೋಗಿತ್ತು. ಕೊರೆದು ಹೊಸದು ಹಾಕಲು ವಾರ ಬೇಕು. ಕೊಳ್ಳುವವನು ಮರುದಿನವೇ ಬರುವವನಿದ್ದ. ನಾನು ಗದಿಗೆಪ್ಪನಿಗೆ, "ಕೊರೀಬ್ಯಾಡ. ಹಳೇದರ ಮ್ಯಾಲ ಒಂದು ತಗಡ ಹಾಸಿ ರಿವೆಟ್ ಹೊಡಿ. ಗಾಡಿ ಗುಜರಿಗೆ ಹೊಂಟೈತಿ, ಅಲ್ಲೀತನಕ ಕಾಲ ನಿಂತ್ರ ಸಾಕು" ಎಂದೆ.

"ಗುಜರಿಗೆ?"

"ಹೂಂ."

"ಖರೇನ?"

"ಖರೇನೋ ಮಾರಾಯಾ, ಖರೇ."

ಅವನು ತಗಡು ಹಾಸಿದ. ಮೇಲೆ ಒಂದಿಷ್ಟು ಕರಿ ಬಣ್ಣ ಹೊಡೆ ಎಂದೆ. ಅದನ್ನೂ ಹೊಡೆದ. ಶಾಂತವ್ವ ಹಣಿಕಿಕ್ಕಿ, "ಬ್ಯಾಡಗಿ ಗಾಡಿ ಅಲ್ಲೇನು ಇದು? ಇವತ್ತ್ಯಾಕ ಯಾರೂ ಕೆಮ್ಮವಲ್ರು?" ಎಂದಳು. ಅವನು ಬಣ್ಣದ ಡಬ್ಬಿ ಮುಚ್ಚಿದ. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ.

ಕೊಂಡವನು ಅಗಡಿಯ ಬಸಣ್ಣ. ತನ್ನ ಮಾಲು ತಾನೇ ಸಾಗಿಸಬೇಕೆಂಬ ಹುರುಪಿನ ರೈತ. "ತಳಾ ಗದಿಗೆಪ್ಪ ಹಾಕ್ಯಾನ" ಎಂದೆ. ಅವನು ರಬ್ಬರ್ ಹಾಸನ್ನು ಎತ್ತಿ ಸಹ ನೋಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಮೋಟೆಬೆನ್ನೂರಿನ ಹತ್ತಿರ, ಬಸಣ್ಣ ಬ್ರೇಕ್ ಒತ್ತುವಾಗ ತಗಡು ಕುಸಿದು ಅವನ ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಲಾರಿ ಹೊಲಕ್ಕಿಳಿದು ನಿಂತಿತು. ಜೀವ ಉಳಿಯಿತು. ಆದರೆ ತಗಡಿನ ಅಂಚು ಮೀನಖಂಡವನ್ನು ಸೀಳಿತ್ತು.

ಅವನು ಕಾಲಿಗೆ ಪಟ್ಟಿ ಕಟ್ಟಿಕೊಂಡು, ತಮ್ಮನ ಬೈಕಿನ ಹಿಂದೆ ಕುಳಿತು ರಾಣೆಬೆನ್ನೂರಿಗೆ ಬಂದ ದಿನ ನಾನು ಅಲ್ಲೇ ಶಾಂತವ್ವನ ಬೆಂಚಿನ ಮೇಲಿದ್ದೆ. ಗ್ಯಾರೇಜುಗಳವರೆಲ್ಲ ಕೆಲಸ ಬಿಟ್ಟು ಬಂದರು.

"ನಿನ್ನ ಹೆಸರ ಕೇಳಿ ತಗೊಂಡ್ನೆಲ್ಲೋ!" ಎಂದು ಬಸಣ್ಣ ಗದಿಗೆಪ್ಪನ ಮೇಲೆ ಕೂಗಿದ. ಆಮೇಲೆ ನನ್ನ ಕಡೆ ತಿರುಗಿ, "ಹೇಳ್ರಿ ನೀವ. ತಳಾ ಗದಿಗೆಪ್ಪ ಹಾಕ್ಯಾನ ಅಂದಿದ್ರೋ ಇಲ್ಲೋ?"

ನಾನು ಚಹಾದ ಲೋಟ ಬಾಯಿಗೆ ಹಿಡಿದೆ. ಗದಿಗೆಪ್ಪ ನನ್ನನ್ನು ನೋಡಿದ. ಸಿಟ್ಟಿತ್ತೋ, ಮರುಕವಿತ್ತೋ, ಬರೀ ಆಯಾಸವಿತ್ತೋ ನನಗೆ ಇಂದಿಗೂ ತಿಳಿದಿಲ್ಲ.

"ಕೊರೀಬೇಕಿತ್ತಪಾ, ಕೊರೀಲಿಲ್ಲ" ಎಂದ. "ನಂದ ತಪ್ಪು. ಗಾಡಿ ತಂದ ನಿಲ್ಲಸು."

ನಾನು ಚಹಾ ಕುಡಿದು ಮುಗಿಸಿದೆ. ಅಷ್ಟೇ ನಾನು ಮಾಡಿದ್ದು.

ಅವನು ಆ ತಳವನ್ನು ಪೂರ್ತಿ ಕೊರೆದು ಹೊಸದು ಹಾಕಿಕೊಟ್ಟ. ಆದರೆ ಸಾಲಿನಲ್ಲಿ ಮಾತು ಹಬ್ಬಿತ್ತು. ಮಾಲೀಕರು ಒಬ್ಬೊಬ್ಬರೇ ಬೇರೆ ಅಂಗಡಿ ಹಿಡಿದರು. ಒಂದೆರಡು ವರ್ಷಕ್ಕೆ ಅವನು ಅಂಗಡಿ ಮುಚ್ಚಿ ಕುಪ್ಪೇಲೂರಿನ ಮಗಳ ಮನೆ ಸೇರಿದ.

ಬಹಳ ದಿನ ತಡೆದು ನಾನು ಕುಪ್ಪೇಲೂರಿಗೆ ಹೋದೆ. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ. ಕುಂದ್ರು ಎಂದು ಸರಿದ.

"ಗದಿಗೆಪ್ಪಾ, ಗುಜರಿಗೆ ಅಂತ ನಾ ಸುಳ್ಳ ಹೇಳಿದ್ನಿ. ಅವತ್ತ ನೀ ಯಾಕ ನನ್ನ ಹೆಸರ ಹೇಳಲಿಲ್ಲ?"

"ಗುಜರಿಗೆ ಹೋಗೂ ಗಾಡಿಗೆ ಯಾರರ ಬಣ್ಣಾ ಹೊಡಸ್ತಾರೇನೋ ಹುಚ್ಚಾ?" ಎಂದ. "ನನಗ ಗೊತ್ತಿತ್ತು. ಗೊತ್ತಿದ್ದೂ ಹೊಡದೆ. ಹಳೇ ಗೆಳ್ಯಾ, ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ಹಂಗಾಗಿ ನನ್ನ ತಪ್ಪು ನಾ ಹೇಳ್ದೆ. ನಿಂದು ನೀ ಹೇಳ್ತಿ ಅನ್ಕೊಂಡಿದ್ದೆ."

ಅವನು ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿ ಕೇಳಿದ: "ಅಗಡಿಗೆ, ಬಸಣ್ಣನ ಕಡೆ ಹೋಗಿದ್ಯೇನು?"

"ಇಲ್ಲ."

"ಮತ್ತ ಇಲ್ಲಿಗ್ಯಾಕ ಬಂದಿ?"

ಅದೇ ಕಡೆಯ ಭೇಟಿ. ಬೇಸಿಗೆ ಬರುವ ಮೊದಲೇ ಅವನು ಹೋದ. ಅವನಿಗೂ ಗೊತ್ತಿತ್ತು ಎಂಬುದರಿಂದ ನನ್ನ ಪಾಪ ಅರ್ಧವಾಯಿತೋ, ಅವನ ಕೈಯಲ್ಲೂ ತಪ್ಪು ಮಾಡಿಸಿದ್ದರಿಂದ ಎರಡಾಯಿತೋ, ಇಷ್ಟು ವರ್ಷ ಕೂಡಿಸಿ ಕಳೆದರೂ ನನಗೆ ಲೆಕ್ಕ ಹತ್ತಿಲ್ಲ.

ಹಾವೇರಿಯಿಂದ ಅಗಡಿ ದೂರವೇನಲ್ಲ. ಎಷ್ಟೋ ಸಲ ಬಸ್ಸು ಹತ್ತಿ, ಅದು ಹೊರಡುವ ಮೊದಲೇ ಇಳಿದು ಬಂದಿದ್ದೇನೆ. ಬಸಣ್ಣ ಇಂದಿಗೂ ಕಾಲು ಎಳೆದು ನಡೆಯುತ್ತಾನಂತೆ. ಅವನು ಬೈದರೆ ಬೈಸಿಕೊಂಡೇನು, ಹೊಡೆದರೆ ಹೊಡೆಸಿಕೊಂಡೇನು. ಆದರೆ ಏನೂ ತಿಳಿಯದ ಅವನು ಆ ಕಾಲನ್ನೇ ಎಳೆದುಕೊಂಡು ಬಾಗಿಲಿಗೆ ಬಂದು "ಬರ್ರಿ ಯಜಮಾನ್ರ, ಕುಂದ್ರಿ" ಎಂದರೆ ಎಲ್ಲಿ ಕೂರಲಿ?