ಸ್ಕೂಟರಿನ ಮೇಲೆ ಇಂಟರ್ವ್ಯೂ

ಬರುವ ಗುರುವಾರ ಇಂಟರ್ವ್ಯೂ ಇದೆಯೆಂದು ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ತೆಗೆದು ಕೊಡವಿದೆ. ಹೊಲಿಗೆಯ ಸಂದಿಯಿಂದ ಎರಡು ಭತ್ತದ ಕಾಳು ನೆಲಕ್ಕೆ ಬಿದ್ದವು. ವರ್ಷವಾಯಿತು, ಇನ್ನೂ ಬೀಳುತ್ತಲೇ ಇವೆ. ಗುಡಿಸಲು ಬಗ್ಗಿದವಳು ಕಸಬರಿಗೆ ಹಿಡಿದುಕೊಂಡು ಅಲ್ಲೇ ಕುಳಿತೆ.

ನೀವು ಹೊಸದಾಗಿ ಇಂಜಿನಿಯರಿಂಗ್ ಮುಗಿಸಿದವರೋ, ಅಂಥವರನ್ನು ಮನೆಯಲ್ಲಿ ಇಟ್ಟುಕೊಂಡವರೋ ಆಗಿದ್ದರೆ ಸಾಫ್ಟ್‌ವೇರ್ ಇಂಟರ್ವ್ಯೂ ತಯಾರಿಯೆಂಬ ಪೀಡೆಯನ್ನು ವಿವರಿಸಬೇಕಿಲ್ಲ. ನಾಲ್ಕು ವರ್ಷ ಓದಿದ್ದು ಯಾವುದೂ ಸಾಲದು. ಕನ್ನಡಿಯ ಮುಂದೆ ನಿಂತು ‘ನಿಮ್ಮ ಬಗ್ಗೆ ಹೇಳಿ’ ಎಂಬುದಕ್ಕೆ ಉತ್ತರ ಒಪ್ಪಿಸಬೇಕು. ಇಪ್ಪತ್ತೆರಡು ವರ್ಷ ನನ್ನ ಜೊತೆಯೇ ಇದ್ದರೂ ಎರಡು ನಿಮಿಷಕ್ಕಾಗುವಷ್ಟು ಸರಕು ನನ್ನಲ್ಲಿರಲಿಲ್ಲ. ‘ನಿಮ್ಮ ದೌರ್ಬಲ್ಯ?’ ಎಂದರೆ ‘ಅತಿಯಾಗಿ ಕೆಲಸ ಮಾಡುವುದು’ ಎನ್ನಬೇಕಂತೆ. ಅಡುಗೆಮನೆಯಿಂದ ಕೇಳಿಸಿಕೊಂಡ ಅವ್ವ, “ಹಂಗಾರ ಆ ದೌರ್ಬಲ್ಯ ಮನ್ಯಾಗೂ ಒಂಚೂರು ತೋರ್ಸವ್ವ, ಪಾತ್ರಿ ಬಿದ್ದಾವು” ಎಂದಿದ್ದಳು.

ಎಲ್ಲಕ್ಕಿಂತ ಕಾಡಿದ್ದು, ಸಮಸ್ಯೆ ಬಿಡಿಸುವಾಗ ತಲೆಯೊಳಗೆ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋಗಬೇಕೆಂಬ ನಿಯಮ. ಗೆಳತಿ ಶಶಿಕಲಾ ಇದನ್ನು ವ್ರತದಂತೆ ಹಿಡಿದಳು. ಸಿರುಗುಪ್ಪ ತಾಲ್ಲೂಕಿನ ಕರೂರಿನವಳು, ಕಾಲೇಜಿನಿಂದ ನನ್ನ ಜೊತೆ. ಹೋದ ವರ್ಷ ತಯಾರಿಗೆಂದು ಕುರುಗೋಡಿನ ನಮ್ಮ ಮನೆಗೆ ಬಂದಿಳಿದವಳು ಊಟವನ್ನೂ ಹೀಗೇ ಮಾಡತೊಡಗಿದಳು: “ತಾಟು ತಗೊಂಡೆ. ತಾಟು ಖಾಲಿ ಐತಿ. ಬುಟ್ಟ್ಯಾಗ ರೊಟ್ಟಿ ಅದಾವೇನು ನೋಡ್ತೀನಿ. ಇಲ್ಲಂದ್ರ ವಾಪಸ್ ಬರ್ತೀನಿ.”

ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಅಭ್ಯಾಸ ಮಾಡಿ ನೋಡಿದೆವು. ‘ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ?’ ಎಂದು ನಾನು ಶಶಿಯನ್ನು ಕೇಳಿದರೆ ಮುಂದಿನ ಸೀಟಿನ ಅಜ್ಜಿ ತಿರುಗಿ, “ಗಂಡನ ಮನ್ಯಾಗ ಇರ್ತಾಳ, ಮತ್ತೆಲ್ಲಿ” ಎಂದಳು. ಬಸ್ಸೆಲ್ಲ ನಕ್ಕಿತು. ಹಾಗಾಗಿ ಶಶಿಯ ಇಂಟರ್ವ್ಯೂ ದಿನ ನಮ್ಮಣ್ಣನ ಸ್ಕೂಟರ್ ತೆಗೆದುಕೊಂಡೆವು. ಬಳ್ಳಾರಿಯ ಒಂದು ಸಣ್ಣ ಕಂಪನಿ, ಹತ್ತು ಗಂಟೆಗೆ. ಅವಳು ಓಡಿಸುವುದು, ನಾನು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಹಿಂದೆ ಕುಳಿತು ಪ್ರಶ್ನೆ ಕೇಳುವುದು. ಹೊರಡುವ ಮುಂಚೆ ಕರಾರು ಹಾಕಿದಳು.

“ನೀ ನಡುವ ಬಾಯಿ ಹಾಕಿ ಸುಳಿವು ಕೊಡ್ತಿ. ಅಲ್ಲಿ ಯಾರೂ ಕೊಡಾದಿಲ್ಲ. ನಾ ಮುಗಿಸೋತನಕ ಪಿಟಕ್ ಅನ್ಬಾರ್ದು ನೋಡಲೇ.”

“ಆತು ತಾಯಿ, ಅನ್ನಾದಿಲ್ಲ.”

ಸುಗ್ಗಿಯ ದಿನಗಳು. ನಮ್ಮ ಕಡೆ ಭತ್ತ ಒಣಗಿಸುವ ಕಣವೆಂದರೆ ಡಾಂಬರು ರಸ್ತೆಯೇ. ಅರ್ಧ ರಸ್ತೆಗೆ ಭತ್ತ ಹರವಿ ಅಂಚಿಗೆ ಸಾಲಾಗಿ ಕಲ್ಲಿಟ್ಟಿರುತ್ತಾರೆ; ಉಳಿದರ್ಧದಲ್ಲಿ ಹೋಗುವವರೂ ಬರುವವರೂ ಹೊಂದಿಕೊಳ್ಳಬೇಕು. ಅವತ್ತು ನಮ್ಮ ಎಡಗಡೆಯೆಲ್ಲ ಭತ್ತ. ನಾನು ಕೇಳಿದ್ದು ಹಳೆಯ ಪ್ರಶ್ನೆ: ಪ್ರೋಗ್ರಾಮಿನಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಪಟ್ಟಿಯನ್ನು ಹಿಂದುಮುಂದು ಮಾಡುವುದು. “ಮುಂದಿನದನ್ನ ಹಿಡ್ಕೊಂತೀನಿ. ಕೊಂಡಿ ಬಿಡಿಸ್ತೀನಿ. ಆಮ್ಯಾಲೆ ಹಿಂದಿನದಕ್ಕ…” ಎಂದು ತಡವರಿಸಿದ ಶಶಿ, ಎಡಗೈ ಎತ್ತಿ ಗಾಳಿಯಲ್ಲಿ ಬಾಣ ಬರೆಯತೊಡಗಿದಳು.

ಎದುರಿಗೆ ಲಾರಿ ಬರುತ್ತಿತ್ತು. ಅವಳ ಹೆಲ್ಮೆಟ್ಟಿನ ಪಕ್ಕದಿಂದ ನನಗೆ ಕಂಡಿತು. ಕೂಗಲಿಲ್ಲ. ಇನ್ನೊಂದು ಕ್ಷಣ ಬಿಟ್ಟರೆ ತಾನೇ ನೋಡುತ್ತಾಳೆ, ಉತ್ತರದ ಹತ್ತಿರ ಬಂದಿದ್ದಾಳೆ, ಈಗ ಬಾಯಿ ಹಾಕಿದರೆ ಬೈಯುತ್ತಾಳೆ ಎಂದುಕೊಂಡು ಕುಳಿತಿದ್ದೆ. ಓದಿದ ತಲೆ ಎಷ್ಟು ಮೂರ್ಖವಾಗಬಲ್ಲದು ನೋಡಿ.

ಬ್ರೇಕು ಕಿರುಚಿತು. ಸ್ಕೂಟರ್ ಎಡಕ್ಕೆ ತಿರುಗಿ, ಕಲ್ಲಿಗೆ ಬಡಿದು, ನಾವಿಬ್ಬರೂ ಭತ್ತದ ಮೇಲೆ ಜಾರಿಕೊಂಡು ಹೋದೆವು. ಲಾರಿಯ ಗಾಳಿ ನನ್ನ ದುಪಟ್ಟಾ ಎಳೆದುಕೊಂಡು ಹೋಯಿತು. ಲಾರಿಗೂ ನಮಗೂ ಅಷ್ಟೇ ದೂರ.

ಅಲ್ಲಿ ಕಾಲಿನಿಂದ ಭತ್ತ ತಿರುವುತ್ತಿದ್ದ ಹೆಂಗಸು ಓಡಿಬಂದು ಎಬ್ಬಿಸಿದಳು. ಮೈಕೈ ತಡವಿ, ಎಲುಬು ನೆಟ್ಟಗಿವೆಯೆಂದು ಖಾತ್ರಿಯಾದ ಮೇಲೆ ಬೈಯಲು ಶುರುಮಾಡಿದಳು. “ಕಣ್ಣು ಎಲ್ಲಿಟ್ಟಿದ್ರೇ? ಓಡ್ಸಾಕಿಗೆ ಖಬರಿಲ್ಲ ಅನ್ರಿ, ಹಿಂದ ಕುಂತಾಕಿಗೂ ದೇವರು ಕಣ್ಣು ಕೊಟ್ಟಿಲ್ಲೇನು?”

ಶಶಿ ಅಂಗೈಯ ರಕ್ತ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದಳು. “ಲಾರಿ ನಿನಗ ಕಂಡಿತ್ತೇನಲೇ?”

“ಇಲ್ಲ,” ಎಂದೆ.

ಕೈಗೆ ಕರ್ಚೀಫು ಕಟ್ಟಿಕೊಂಡೇ ಹೋಗಿ ಅವಳು ಆ ಕೆಲಸ ಗಿಟ್ಟಿಸಿದಳು. ನಾನು ಮಾತ್ರ ಒಂದೊಂದು ಇಂಟರ್ವ್ಯೂನಲ್ಲೂ ಮಾತು ನಿಂತುಹೋಗಿ ಮನೆಗೆ ಬಂದೆ. ಯಾರಾದರೂ ಪ್ರಶ್ನೆ ಕೇಳಿ ನನ್ನ ಮುಖ ನೋಡಿದರೆ ಸಾಕು, ಎದುರಿಗೆ ಲಾರಿ. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಎಷ್ಟೋ ಸಲ ಆ ರಸ್ತೆಗೆ ವಾಪಸು ಹೋಗಿದ್ದೇನೆ. ಕೆಲವು ಸಲ ಸರಿಯಾದ ಹೊತ್ತಿಗೆ ಕೂಗಿಯೂ ಇದ್ದೇನೆ.

ಇವತ್ತು ಕಸಬರಿಗೆ ಕೆಳಗಿಟ್ಟು ಶಶಿಗೆ ಫೋನ್ ಮಾಡಿದೆ. ಅಭ್ಯಾಸ ಮಾಡಿಸು ಎಂದೆ. ಅವಳು ಆಫೀಸಿನವರ ದನಿ ತೆಗೆದು, “ನೀವು ಮಾಡಿದ ಒಂದು ತಪ್ಪು ಹೇಳ್ರಿ” ಎಂದಳು. ಇದಕ್ಕೆ ಬಾಯಿಪಾಠ ಮಾಡಿದ ಉತ್ತರ ಇತ್ತು, ಕಾಲೇಜಿನ ಪ್ರಾಜೆಕ್ಟು ಒಂದು ದಿನ ತಡವಾದ ಕತೆ. ಅದು ಬಾಯಿಗೆ ಬರಲಿಲ್ಲ. ಲಾರಿ ಕಂಡಿದ್ದನ್ನು, ಕಂಡೂ ಸುಮ್ಮನಿದ್ದುದನ್ನು, ಆಮೇಲೆ ಇಲ್ಲವೆಂದು ಸುಳ್ಳು ಹೇಳಿದ್ದನ್ನು ಹೇಳಿದೆ. 

“ಭಾಳ ಉದ್ದ ಆತು,” ಎಂದಳು ಕೊನೆಗೆ. “ಗುರುವಾರ ಇದನ್ನ ಹೇಳಿಗೀಳೀಯವ್ವ, ಕೆಲ್ಸ ಕೊಡಂಗಿಲ್ಲ.”

ನಾನು ನೆಲದ ಮೇಲಿನ ಎರಡು ಕಾಳು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡೆ. ಅವಳೇ ಮುಂದುವರಿಸಿದಳು:

“ನಿನಗ ಕಂಡಿತ್ತಂತ ನನಗ ಅವತ್ತ ಗೊತ್ತಲೇ. ನಾ ಲಾರಿ ನೋಡೇ ಇರ್ಲಿಲ್ಲ. ನೀ ನನ್ನ ಹೆಗಲು ಹಿಂಡಿದಿ, ಅದಕ್ಕ ಬ್ರೇಕ್ ಹಾಕಿದೆ. ಹಿಂಡಿದ ಜಾಗ ಮೂರು ದಿನ ಕಪ್ಪಾಗಿತ್ತು.”

ವರ್ಷವೆಲ್ಲ ಆ ಕ್ಷಣವನ್ನು ಮತ್ತೆ ಮತ್ತೆ ನೋಡಿದವಳು ನಾನು. ತೆರೆಯದ ಬಾಯನ್ನೇ ನೋಡಿದ್ದೆ. ನನ್ನ ಕೈ ಎಲ್ಲಿತ್ತೆಂದು ಒಮ್ಮೆಯೂ ನೋಡಿರಲಿಲ್ಲ.