ಹಗ್ಗದಲ್ಲಿ ಹೂಂ ಅಂದ ಲಿಯಾಖತ್

ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದೆ ಲಿಯಾಖತ್‌ನ ತಗಡಿನ ಅಂಗಡಿ. ಸುತ್ತಿನ ಹಳ್ಳಿಗಳ ಡೀಸೆಲ್ ಇಂಜಿನ್‌ಗಳಿಗೆಲ್ಲ ಅವನೇ ವೈದ್ಯ. ಯಾರೇ ಬಂದು ಇಂಜಿನ್ ಕೆಟ್ಟಿದೆ ಅನ್ನಲಿ, ಏನಾಗಿದೆ ಅಂತ ಅವನು ಕೇಳುತ್ತಿರಲಿಲ್ಲ. "ಮೇಲೈತಾ, ಕೆಳಗೈತಾ?" ಅನ್ನುವುದೇ ಅವನ ಮೊದಲ ಮಾತು. ಮೇಲಿದೆ ಅಂದರೆ ಸಾಮಾನಿನ ಚೀಲವನ್ನು ಸೈಕಲ್ಲಿಗೆ ನೇತುಹಾಕಿ ಹೊರಟುಬಿಡುವನು. ಕೆಳಗಿದೆ ಅಂದರೆ ಆ ಗಳಿಗೆಗೇ ಅವನಿಗೆ ಜ್ವರ. ಹೆಂಡತಿ ಅಸ್ಗರಿ ಹಣೆ ಮುಟ್ಟಿ ನೋಡಿ ನಗುತ್ತಿದ್ದಳು. ಬಂದವರು ಆ ಕಡೆ ಹೋದ ಮೇಲೆ ಅವಳು ನಗುವುದನ್ನು ನಿಲ್ಲಿಸುತ್ತಿದ್ದಳು, ಯಾಕೆಂದರೆ ಜ್ವರ ಸುಳ್ಳಾದರೂ ಹೆದರಿಕೆಗೆ ಅವನ ಕೈ ನಿಜವಾಗಿಯೂ ತಣ್ಣಗಾಗಿರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಕಡೆಯ ಬಾವಿಗಳಲ್ಲಿ ನೀರು ತೀರ ಕೆಳಗಿಳಿದಿತ್ತು. ಮೇಲಿಟ್ಟ ಪಂಪಿಗೆ ಅಷ್ಟು ಆಳದ ನೀರು ಎಟುಕುತ್ತಿರಲಿಲ್ಲ. ಹಾಗಾಗಿ ಬಾವಿಯ ಗೋಡೆಯಲ್ಲೇ, ಮೂವತ್ತು ಅಡಿ ಕೆಳಗೆ, ಮಂಚದಷ್ಟು ಅಗಲದ ಕಟ್ಟೆ ಕಡಿದು ಇಂಜಿನ್ನನ್ನು ಅಲ್ಲಿ ಕೂರಿಸುತ್ತಿದ್ದರು. ಹೊಗೆಗೆ ಒಂದು ಕೊಳವೆ, ಬಾವಿಯ ಬಾಯಿಯವರೆಗೆ.

ಅಂಥದೊಂದು ಕಟ್ಟೆಯ ಮೇಲೆಯೇ ಲಿಯಾಖತ್‌ನ ಮಾಮು, ಅವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಸೋದರಮಾವ, ತೀರಿಕೊಂಡಿದ್ದರು. ಇಳಿಯುವ ಮೊದಲು ರೂಢಿಯಂತೆ ಕಂದೀಲು ಇಳಿಬಿಟ್ಟು ನೋಡಿದ್ದರು. ಕೆಟ್ಟ ಗಾಳಿಯಿದ್ದರೆ ದೀಪ ಆರಬೇಕು, ಆರಲಿಲ್ಲ. ಇಂಜಿನ್ ಓಡುತ್ತಿರುವಾಗಲೇ ಮಾಮು ಇಳಿದರು. ಅರ್ಧ ಗಂಟೆಯ ಮೇಲೆ ಅವರ ದೇಹವನ್ನು ಎತ್ತಿದಾಗ ಕಂದೀಲು ಇನ್ನೂ ಚೆನ್ನಾಗಿ ಉರಿಯುತ್ತಿತ್ತು. ಪಾಳುಬಾವಿಯ ಗಾಳಿಗೆ ದೀಪ ಆರುತ್ತದೆ, ಇಂಜಿನ್ ಹೊಗೆಗೆ ಆರುವುದಿಲ್ಲ ಅನ್ನುವುದು ಲಿಯಾಖತ್‌ಗೆ ಅವತ್ತು ಮನವರಿಕೆಯಾಯಿತು. ಊರಿನವರು ಮಾತ್ರ ಎದೆ ನಿಂತು ಸತ್ತರು ಅಂದುಕೊಂಡರು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಯಲ್ದೂರಿನ ಕಡೆಯ ಚನ್ನರಾಯಪ್ಪ ಅನ್ನುವವನು ಬಂದ. ಇಂಜಿನ್ನಿನ ಹೊಟ್ಟೆಯಿಂದ ಆಯಿಲ್ ಸೋರುತ್ತಿದೆ, ಬೆಳಿಗ್ಗೆ ತುಂಬಿಸಿದ್ದು ಮಧ್ಯಾಹ್ನಕ್ಕಿಲ್ಲ ಅಂದ. ಲಿಯಾಖತ್ ತನ್ನ ಪ್ರಶ್ನೆ ಕೇಳಿದ.

"ಮೇಲೈತೆ ಸಾಬ್ರೇ. ಮಾವಿನ ಮರದ ನೆಳ್ಳಾಗೇ ಐತೆ."

ಹೋಗಿ ನೋಡಿದರೆ ಮರವೂ ಇತ್ತು, ನೆರಳೂ ಇತ್ತು, ಅದರ ಕೆಳಗೆ ಬಾವಿಯೂ ಇತ್ತು. ಇಂಜಿನ್ ಬಾವಿಯೊಳಗೆ. ಲಿಯಾಖತ್ ಸೈಕಲ್ ತಿರುಗಿಸಿದ. ಚನ್ನರಾಯಪ್ಪನ ಹೆಂಡತಿ ಗಂಗರತ್ನಮ್ಮ ಗಂಡನನ್ನು ಎದುರಿಗೇ ಬೈದು, ರೇಷ್ಮೆ ಹುಳು ಗೂಡು ಕಟ್ಟುವ ಮುಂಚಿನ ವಾರ, ಹಿಪ್ಪುನೇರಳೆ ತೋಟ ಬಾಡುತ್ತಿದೆ, ಇಂಜಿನ್ ಮೇಲೆತ್ತಿಸಲು ಹತ್ತಾಳು ಸೇರಿಸಬೇಕು, ಅಷ್ಟರಲ್ಲಿ ಹುಳು ಸಾಯುತ್ತವೆ ಅಂದಳು. ಆದರೂ ಲಿಯಾಖತ್ ಪೆಡಲ್ ಮೇಲೆ ಕಾಲಿಟ್ಟ.

"ಹೋಗ್ಲಿ ಬಿಡೇ," ಅಂದ ಚನ್ನರಾಯಪ್ಪ. "ನಿನ್ನೆ ಮೊನ್ನೆ ನಾನೇ ಇಳ್ದು ಓಡ್ತಾ ಇರೋ ಇಂಜಿನ್‌ಗೆ ಆಯಿಲ್ ಹುಯ್ದೆನಲ್ಲ. ಇವತ್ತೂ ಇಳೀತೀನಿ."

ಲಿಯಾಖತ್ ಕಾಲು ಕೆಳಗಿಟ್ಟ. ಮೇಲೆ ಬಂದ ಮೇಲೆ ತಲೆ ನೋಯಿತಾ ಅಂತ ಕೇಳಿದ. ನೋಯಿತು, ವಾಂತಿಯೂ ಆಯಿತು, ಬಿಸಿಲಿಗೆ ಪಿತ್ತ ಕೆದರಿರಬೇಕು ಅಂದ ಚನ್ನರಾಯಪ್ಪ. ಮಾಮು ಕೂಡ ಸಾಯುವ ಹಿಂದಿನ ದಿನ ಪಿತ್ತ ಅಂತಲೇ ಹೇಳಿ ನಿಂಬೆಹಣ್ಣು ಹಿಂಡಿ ಕುಡಿದಿದ್ದರು. ತಾನು ಹೊರಟುಹೋದರೆ ಈ ಮನುಷ್ಯ ಇಳಿಯುತ್ತಾನೆ, ಸಾಯುತ್ತಾನೆ. ಲಿಯಾಖತ್ ಸೈಕಲ್ಲನ್ನು ಮರಕ್ಕೆ ಒರಗಿಸಿ ಸಾಮಾನಿನ ಚೀಲ ಇಳಿಸಿದ.

ಮೊದಲು ಇಂಜಿನ್ ನಿಂತಿರುವಾಗಲೇ ಇಳಿದು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ. ಇಡೀ ಇಂಜಿನ್ ಎಣ್ಣೆಯಲ್ಲಿ ಮಿಂದಿತ್ತು. ಎಲ್ಲಿಂದ ಸೋರಿತು ಅಂತ ತಿಳಿಯಲಿಲ್ಲ. ಅದನ್ನು ಓಡಿಸಿ, ಪಕ್ಕದಲ್ಲಿ ಕೂತು ನೋಡಬೇಕು. ಬೇರೆ ದಾರಿಯಿರಲಿಲ್ಲ. ಮೇಲೆ ಬಂದು ಒಂದು ಬೊಗಸೆ ರಾಗಿ ಹಿಟ್ಟು ಕೇಳಿದ. ಇಂಜಿನ್ ನಿಲ್ಲಿಸುವ ಕಡ್ಡಿಗೆ ಕೆಳಗೇ ದಾರ ಕಟ್ಟಿ ಬಂದಿದ್ದ; ಅದರ ತುದಿಯನ್ನು ಚನ್ನರಾಯಪ್ಪನ ಕೈಗೆ ಕೊಟ್ಟ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಗಂಗರತ್ನಮ್ಮನಿಗೆ ಕೊಟ್ಟ. ಪಕ್ಕದ ಹೊಲದ ಪೆದ್ದಪ್ಪನನ್ನೂ ಕರೆದು ನಿಲ್ಲಿಸಿದರು.

"ಅಕ್ಕಾ, ಮಕ್ಳಿಗೆ ಕತೆ ಹೇಳ್ತೀಯಲ್ಲ, ಅವು ಹೂಂ ಅಂತವಲ್ಲ, ಹಂಗೇ. ಇಂಜಿನ್ ಸದ್ದಾಗೆ ಏನೂ ಕೇಳ್ಸಲ್ಲ. ನೀನು ಮನಸ್ನಾಗೇ ಒಂದು ಕತೆ ಹೇಳ್ಕೋ, ಒಂದು ಮಾತಿಗೆ ಒಂದ್ಸಲ ಹಗ್ಗ ಎಳಿ, ನಾನು ಎಳ್ದು ಹೂಂ ಅಂತೀನಿ. ನನ್ನ ಹೂಂ ಬರ್ಲಿಲ್ಲ ಅಂದ್ರೆ ಯೋಚ್ನೆ ಮಾಡ್ಬೇಡ, ಎತ್ತು."

ಚನ್ನರಾಯಪ್ಪ ಕಂದೀಲು ಹಚ್ಚಿ ತಂದಿದ್ದ. ಅದು ಉರಿಯುತ್ತಲೇ ಇರುತ್ತದೆ, ನಾನಿರುವುದಿಲ್ಲ ಅಂದ ಲಿಯಾಖತ್. ಅವನು ಇಳಿದ ಮೇಲೆ ಚನ್ನರಾಯಪ್ಪ ತನ್ನ ಸಮಾಧಾನಕ್ಕೆ ಅದನ್ನು ಇಳಿಬಿಟ್ಟ.

ಕಟ್ಟೆಯ ಮೇಲೆ ಲಿಯಾಖತ್ ಇಂಜಿನ್ನಿಗೆ ಹಿಟ್ಟು ಎರಚಿದ, ಹ್ಯಾಂಡಲ್ ತಿರುಗಿಸಿದ. ಬಾವಿಯೆಲ್ಲ ಗುಡುಗಿತು. ಹಗ್ಗ ಜಗ್ಗಿತು, ಅವನೂ ಜಗ್ಗಿದ. ಮತ್ತೆ ಜಗ್ಗಿತು, ಹೂಂ. ಹೊಟ್ಟೆಯ ಪಕ್ಕದ ಮುಚ್ಚಳದ ಕೆಳಅಂಚಿನಲ್ಲಿ ಹಿಟ್ಟು ಕಪ್ಪಗಾಗುತ್ತ ಬಂತು. ಅಲ್ಲೇ ಸೋರಿಕೆ. ಕಣ್ಣು ಮೇಲೆತ್ತಿದರೆ ಹೊಗೆ ಕೊಳವೆ ಬಾಗುವ ಮೊಣಕೈಯ ಹತ್ತಿರ ಹಿಟ್ಟು ನಿಲ್ಲದೆ ಪುಸುಪುಸು ಹಾರುತ್ತಿತ್ತು. ಅಲ್ಲಿ ಬೆಸುಗೆ ಬಿಟ್ಟಿತ್ತು. ಹೊಗೆ ಮೇಲೆ ಹೋಗುತ್ತಿಲ್ಲ, ಇಲ್ಲೇ ತನ್ನ ಮುಖದ ಮುಂದೆಯೇ ತುಂಬುತ್ತಿದೆ. ಇದು ಗೊತ್ತಾದಾಗ ಅವನಿಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಹಾಯಾಗಿ ನಿದ್ದೆ ಬಂದಂತಾಯಿತು. ಹಗ್ಗ ಜಗ್ಗಿತು. ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡ.

ಮೇಲೆ ಗಂಗರತ್ನಮ್ಮ ಇನ್ನೊಮ್ಮೆ ಎಳೆದಳು. ಹಗ್ಗ ಸುಮ್ಮನಿತ್ತು.

"ಇರೇ, ದೀಪ ಉರೀತಾ ಐತೆ," ಅಂದ ಚನ್ನರಾಯಪ್ಪ. "ಕೈಯಾಗೆ ಸ್ಪ್ಯಾನರ್ ಇರ್ತದೆ, ಅದಕ್ಕೇ ಎಳ್ದಿಲ್ಲ."

"ದೀಪಕ್ಕೆ ಹೂಂ ಅನ್ನಕ್ಕೆ ಬರಲ್ಲ. ಹಿಡೀರಿ ಹಗ್ಗ."

ಅವಳು ಆಗಲೇ ಹಿಂದಕ್ಕೆ ವಾಲಿದ್ದಳು. ಚನ್ನರಾಯಪ್ಪ ದಾರ ಎಳೆದು ಇಂಜಿನ್ ನಿಲ್ಲಿಸಿ ಹಗ್ಗಕ್ಕೆ ಕೈ ಹಾಕಿದ, ಪೆದ್ದಪ್ಪನೂ ಸೇರಿದ. ಲಿಯಾಖತ್ ತಲೆ ಜೋತುಬಿದ್ದು ಮೇಲೆ ಬಂದ. ಮರದ ಕೆಳಗೆ ಅಂಗಾತ ಮಲಗಿಸಿ ಮುಖಕ್ಕೆ ನೀರು ಚಿಮುಕಿಸಿದರು. ತುಂಬಾ ಹೊತ್ತಿನ ಮೇಲೆ ಮಗ್ಗುಲಿಗೆ ತಿರುಗಿ ವಾಂತಿ ಮಾಡಿಕೊಂಡ. ಬಾವಿಯೊಳಗೆ ಕಂದೀಲು ಉರಿಯುತ್ತಲೇ ಇತ್ತು. ಚನ್ನರಾಯಪ್ಪ ಅದನ್ನು ಮೇಲೆಳೆದು, ನೋಡಿ, ಊದಿ ಆರಿಸಿದ. ಆಮೇಲೆ ತನ್ನ ಎರಡು ದಿನದ ಪಿತ್ತ ನೆನೆದು ಅಲ್ಲೇ ಕುಸಿದು ಕೂತ.

ಆ ದಿನ ಯಾರೂ ಇಳಿಯಲಿಲ್ಲ. ಹೊಂಗೆ ಕೊಂಬೆಗಳ ಕಟ್ಟನ್ನು ಬಾವಿಗೆ ಬಿಟ್ಟು ಎತ್ತಿ, ಬಿಟ್ಟು ಎತ್ತಿ ಗಾಳಿಯಾಡಿಸಿದರು. ಮರುದಿನ ಲಿಯಾಖತ್ ನಿಂತ ಇಂಜಿನ್ನಿನ ಹತ್ತಿರ ಹೋಗಿ ಮುಚ್ಚಳ ಬಿಚ್ಚಿದ. ಸಂದಿಯಲ್ಲಿ ಎಣ್ಣೆ ಸೋರದಂತೆ ಇಡುವ ಪ್ಯಾಕಿಂಗ್ ಸಿಮೆಂಟ್ ಚೀಲದ ಕಾಗದದ್ದು. ಚನ್ನರಾಯಪ್ಪನೇ ಕತ್ತರಿಸಿ ಹಾಕಿದ್ದು, ನೆನೆದು ಹರಿದಿತ್ತು. ದಪ್ಪ ಪ್ಯಾಕಿಂಗ್ ಹಾಳೆಯನ್ನು ಅಂಚಿನ ಮೇಲಿಟ್ಟು ಪುಟ್ಟ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ಅಳತೆಗೆ ಕತ್ತರಿಸಿ ಕೂರಿಸಿದ. ಕೊಳವೆಯ ಬಿರುಕಿಗೆ ಬಿಸಿಗೆ ಸುಡದ ಕಲ್ನಾರಿನ ಹಗ್ಗ ಸುತ್ತಿ ತಗಡಿನ ಪಟ್ಟಿ ಬಿಗಿದ. ಅಷ್ಟು ಹೊತ್ತೂ ಹಲ್ಲು ಕಟಕಟ ಅನ್ನುತ್ತಿದ್ದವು. ಅಷ್ಟು ಹೊತ್ತೂ ಗಂಗರತ್ನಮ್ಮ ಜಗ್ಗುತ್ತಲೇ ಇದ್ದಳು.

ಮೇಲೆ ಬಂದ ಮೇಲೆ, ಯಾವ ಕತೆ ಹೇಳಿಕೊಳ್ಳುತ್ತಿದ್ದೆ ಅಕ್ಕಾ ಅಂತ ಕೇಳಿದ. ನಿನ್ನೆ ಯಾವುದೋ ಹೇಳಿಕೊಳ್ಳುತ್ತಿದ್ದೆ, ಹೂಂ ನಿಂತಾಗ ಮರೆತೇ ಹೋಯಿತು, ಇವತ್ತು ಬರೀ ನಿನ್ನ ಹೆಸರು ಹೇಳಿ ಎಳೆದೆ ಅಂದಳು ಅವಳು.

ಲಿಯಾಖತ್‌ನ ಹೆದರಿಕೆ ಹೋಗಲಿಲ್ಲ. ಎಂಬತ್ತರ ದಶಕದ ಉದ್ದಕ್ಕೂ ಎಷ್ಟೋ ಬಾವಿಗಳಿಗೆ ಇಳಿದ; ಪ್ರತಿ ಸಲವೂ ನಡುಗುತ್ತಲೇ ಇಳಿದ. ಆದರೆ ಜ್ವರದ ನೆಪ ಬಿಟ್ಟ. ಇಂಜಿನ್ ಕೆಟ್ಟಿದೆ ಅಂತ ಬಂದವರಿಗೆ ಆಮೇಲೆ ಅವನ ಮೊದಲ ಪ್ರಶ್ನೆಯೇ ಬೇರೆಯಾಯಿತು.

"ಹಗ್ಗ ಹಿಡಿಯೋರು ಯಾರು?"