ಮಂಜುಳಮ್ಮನ ಮನೆಯ ನೀರು

ಕೀರ್ತಿಗೆ ಮತ್ತೆ ಉರಿಮೂತ್ರ ಶುರುವಾದಾಗ ಬಿಂದುಶ್ರೀಗೆ ಅನುಮಾನ ಬಂದದ್ದು ಮನೆ ಮಾಲೀಕರ ಹೆಂಡತಿ ಮಂಜುಳಮ್ಮನ ಮೇಲೆ.

ಕೃಷ್ಣಮೂರ್ತಿಪುರಂನ ಆ ಮನೆಯ ಹಿಂಭಾಗದಲ್ಲಿ ಬಿಂದುಶ್ರೀಯ ಬಾಡಿಗೆ ಸಂಸಾರ. ಇಲವಾಲದ ಕಡೆಯ ಒಕ್ಕಲು ಮನೆಯ ಹುಡುಗಿ. ಪಿಯುಸಿ ಮುಗಿಸಿ, ಮದುವೆಯಾಗಿ ಮೈಸೂರಿಗೆ ಬಂದವಳು. ಗಂಡ ಪುನೀತ್ ಗೂಡ್ಸ್ ಆಟೊ ಓಡಿಸುತ್ತಾನೆ. ಅವಳು ಅಗ್ರಹಾರದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಯುಕೆಜಿ ಓದುವ ಮಗಳು ಕೀರ್ತಿ ಮಧ್ಯಾಹ್ನ ಶಾಲೆಯ ವ್ಯಾನಿನಿಂದ ಇಳಿದು ಸಂಜೆಯವರೆಗೆ ಮಂಜುಳಮ್ಮನ ಬಳಿಯೇ ಇರುತ್ತಾಳೆ. "ಮಗು ನಮ್ಮನೇಲಿರ್ಲಿ ಬುಡು, ನಂಗೂ ಹೊತ್ತು ಹೋಗುತ್ತೆ" ಎಂದು ಆಕೆಯೇ ಕೇಳಿಕೊಂಡಿದ್ದರು. ಆಗ ಅದು ದೊಡ್ಡ ಉಪಕಾರವಾಗಿ ಕಂಡಿತ್ತು. ಈಗ ಯಾಕೆ ಕೇಳಿಕೊಂಡರು ಎಂದು ಯೋಚಿಸುವಂತಾಯಿತು.

ಡಾಕ್ಟರಮ್ಮ ಈ ಸಲ ಗದರಿದ್ದರು. "ಮಗು ನೀರೇ ಕುಡಿಯಲ್ವಲ್ಲಮ್ಮ. ಮೂತ್ರ ಬಂದ್ರೂ ತಡ್ಕೋತಾಳೆ. ಹೀಗೇ ಆದ್ರೆ ಸೋಂಕು ಕಿಡ್ನಿವರೆಗೂ ಹೋಗುತ್ತೆ. ಹಗಲು ಹೊತ್ತು ಇವಳನ್ನ ಯಾರು ನೋಡ್ಕೋತಾರೆ?"

ಆ ಕೊನೆಯ ಪ್ರಶ್ನೆ ಬಿಂದುಶ್ರೀಯ ತಲೆಯಲ್ಲಿ ಕೂತುಬಿಟ್ಟಿತು.

ಮಂಜುಳಮ್ಮನದು ಲಿಂಗಪೂಜೆ ತಪ್ಪದ ಮನೆ. ಕುಡಿಯುವ ನೀರಿನ ತಾಮ್ರದ ಬಿಂದಿಗೆ ದೇವರ ಕೋಣೆಯ ಪಕ್ಕದಲ್ಲೇ ಇರುತ್ತದೆ. ಭಾನುವಾರ ಬಾಡಿಗೆ ಮನೆಯಲ್ಲಿ ಬಾಡಿನ ಸಾರು ಕುದಿಯುವಾಗ ಆಕೆ ಹಿಂದಿನ ಕಿಟಕಿ ಮುಚ್ಚುವುದನ್ನು ಬಿಂದುಶ್ರೀ ನೋಡಿದ್ದಾಳೆ. ಬಾಡು ತಿನ್ನುವವರ ಮಗು ಎಂದು ಬಿಂದಿಗೆ ಮುಟ್ಟಿಸುವುದಿಲ್ಲವೋ, ಬಚ್ಚಲಿಗೆ ಬಿಡುವುದಿಲ್ಲವೋ, ಯಾರಿಗೆ ಗೊತ್ತು? ಇನ್ನೊಂದು ಸಾಕ್ಷಿಯೂ ಇತ್ತು. ಸಂಜೆ ತಾಯಿ ಮಗಳು ತಮ್ಮ ಮನೆಗೆ ಕಾಲಿಟ್ಟ ಕೂಡಲೇ ಒಬ್ಬರ ಹಿಂದೆ ಒಬ್ಬರು ಬಚ್ಚಲಿಗೆ ಓಡುತ್ತಿದ್ದರು. ಆಮೇಲೆ ಕೀರ್ತಿ ಲೋಟ ಎತ್ತಿದರೆ ಕೆಳಗಿಡುತ್ತಿರಲಿಲ್ಲ. ಅಷ್ಟು ಬಾಯಾರಿಕೆ ಇದ್ದ ಮಗು ಅಲ್ಲಿ ಯಾಕೆ ಕುಡಿಯುವುದಿಲ್ಲ?

"ಅಜ್ಜಿ ನೀರು ಕೊಡ್ತಾರಾ?" ಎಂದು ಬಿಂದುಶ್ರೀ ದಿನವೂ ಮಗಳನ್ನು ಕೇಳುತ್ತಿದ್ದಳು.

"ಕೊಡ್ತಾರೆ."

"ಬಾತ್‌ರೂಮಿಗೆ ಬಿಡ್ತಾರಾ?"

"ಹ್ಞೂಂ."

"ಮತ್ಯಾಕೆ ಹೋಗಲ್ಲ?"

ಕೀರ್ತಿ ತಲೆ ತಗ್ಗಿಸಿ ಫ್ರಾಕಿನ ಅಂಚು ಮಡಿಚುತ್ತಿದ್ದಳು. ಮಗು ಹೆದರಿದೆ ಎಂದು ಬಿಂದುಶ್ರೀ ತೀರ್ಮಾನಿಸಿದಳು.

"ಆಯಮ್ಮ ಅಂಥೋರಲ್ಲ ಕಣೇ" ಎಂದ ಪುನೀತ್. "ನಿಂಗೆ ನನ್ ಮೇಲೂ ಅನುಮಾನ, ಹಾಲಿನೋನ್ ಮೇಲೂ ಅನುಮಾನ."

"ಹಾಲಿಗೆ ನೀರು ಬೆರೆಸ್ತಿದ್ದದ್ದು ನಿಜ ತಾನೇ? ಸುಮ್ನಿರಿ."

ಆ ಶುಕ್ರವಾರ ತಲೆನೋವೆಂದು ಹೇಳಿ ಮಧ್ಯಾಹ್ನವೇ ಅಂಗಡಿಯಿಂದ ಹೊರಟಳು. ಗೇಟಿನ ಚಿಲಕ ಸದ್ದಾಗದಂತೆ ತೆಗೆದು, ಚಪ್ಪಲಿ ಕೈಯಲ್ಲಿ ಹಿಡಿದು, ಮಂಜುಳಮ್ಮನ ನಡುಮನೆಯ ಕಿಟಕಿಯ ಪಕ್ಕ ನಿಂತಳು.

ಒಳಗೆ ಕೀರ್ತಿ ಚಾಪೆಯ ಮೇಲೆ ಟವೆಲ್ಲು, ದುಪಟ್ಟ, ದಿಂಬಿನ ಕವರುಗಳನ್ನು ಮಡಿಚಿ ಜೋಡಿಸಿಕೊಂಡು ಕೂತಿದ್ದಳು. ಎದುರಿಗೆ ಮಂಜುಳಮ್ಮ, ಕೈಯಲ್ಲಿ ಸ್ಟೀಲ್ ಲೋಟ.

"ಒಂದೇ ಒಂದ್ ಗುಟುಕು ಕುಡಿ ಕಣಮ್ಮ. ಬಿಸಿಲು ಎಂಗದೆ ನೋಡು."

"ಬೇಡ ಮೇಡಂ. ಈ ಸೀರೆ ನೋಡಿ, ನಿಮ್ ಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತೆ."

"ಸೀರೆ ಆಮೇಲೆ ತಗೋತೀನಿ. ನೀರ್ ಯಾಕೆ ಬೇಡ ಹೇಳು."

"ಅಂಗಡಿ ಹೊತ್ನಲ್ಲಿ ಕುಡೀಬಾರ್ದು ಅಜ್ಜಿ. ಕುಡುದ್ರೆ ಎದ್ದೋಗ್ಬೇಕಾಗುತ್ತೆ. ಎದ್ದೋದ್ರೆ ಸಾರ್ ಬೈತಾರೆ. ಮನೆಗೆ ಹೋಗಿ ಕುಡೀಬೇಕು."

"ಇದೂ ಮನೆ ಅಲ್ವೇನೇ?"

"ನಮ್ಮನೆಗೆ."

ಕಿಟಕಿಯಾಚೆ ಬಿಂದುಶ್ರೀಗೆ ಆ ಮಾತಿನ ಗುರುತು ಸಿಕ್ಕಿತು. ದಸರಾ ರಜೆಯಲ್ಲಿ ಮಗಳನ್ನು ಅಂಗಡಿಗೆ ಕರೆದುಕೊಂಡು ಹೋದಾಗ ಆ ಮಾತನ್ನು ಹೇಳಿದ್ದವಳು ಅವಳೇ. ಹೆಂಗಸರ ಶೌಚಾಲಯ ಮೂರನೇ ಮಹಡಿಯಲ್ಲಿ. ಗಿರಾಕಿಯನ್ನು ಬಿಟ್ಟು ಏಳಬೇಕಾದರೆ ಮ್ಯಾನೇಜರಿಗೆ ಎಲ್ಲರೆದುರು ಹೇಳಿ ಹೋಗಬೇಕು. ಅದಕ್ಕೆ ಅಲ್ಲಿನ ಹುಡುಗಿಯರು ಬೆಳಿಗ್ಗೆ ಕಾಫಿ ಕುಡಿದು ಬಂದರೆ ಸಂಜೆಯವರೆಗೆ ಗಂಟಲು ಒಣಗಿಸಿಕೊಂಡೇ ಇರುತ್ತಾರೆ. ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ, ಛತ್ರದಲ್ಲಿಯೂ ಅವಳದು ಅದೇ ರೂಢಿ. ಮಗಳು ಎಲ್ಲವನ್ನೂ ನೋಡುತ್ತಿದ್ದಳು.

"ಒಳಗೆ ಬಾ ಬಿಂದು" ಎಂದರು ಮಂಜುಳಮ್ಮ, ಕಿಟಕಿಯ ಕಡೆ ತಿರುಗದೆಯೇ, ನೆಲದ ಮೇಲೆ ಬಿದ್ದ ಚಪ್ಪಲಿ ಹಿಡಿದ ಕೈಯ ನೆರಳು ನೋಡುತ್ತಾ. "ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿದ್ರೆ ಕಾಲು ಸುಡುತ್ತೆ."

ಅವಳು ಒಳಗೆ ಬಂದು ಬಾಗಿಲಲ್ಲೇ ನಿಂತಳು. "ತಲೆನೋವು ಆಂಟಿ, ಅದಕ್ಕೆ ಬೇಗ..."

"ದಿನಾ ನೀನು ಏನು ಕೇಳ್ತೀಯ ಅಂತ ಮಗು ನಂಗೆ ಹೇಳುತ್ತೆ ಕಣಮ್ಮ. ಮಕ್ಕಳ ಹೊಟ್ಟೇಲಿ ಮಾತು ನಿಲ್ಲುತ್ತಾ?" ಮಂಜುಳಮ್ಮನ ಧ್ವನಿ ಏರಲಿಲ್ಲ. "ನಂಗೂ ನಿನ್ ಮೇಲೆ ಅನುಮಾನ ಇತ್ತು. ನೀನೇ ಮನೇಲಿ ಹೆದರಿಸಿದ್ದೀಯೇನೋ, ಆ ಮುದುಕಿ ಮನೇಲಿ ಏನೂ ಮುಟ್ಬೇಡ ಅಂತ."

"ಅಯ್ಯೋ, ಇಲ್ಲ ಆಂಟಿ!"

"ಇಲ್ಲ ಅಂದ್ರೆ ತಗೋ." ಲೋಟ ಮುಂದೆ ಬಂತು. ಬಿಂದುಶ್ರೀ ಇಷ್ಟು ದಿನ ಆ ಮನೆಯಲ್ಲಿ ಏನು ಕೊಟ್ಟರೂ ಬೇಡವೆಂದೇ ಹೇಳಿದ್ದಳು. ಈಗ ಮಗಳ ಎದುರಿಗೆ ಕೂತು ಪೂರ್ತಿ ಕುಡಿದಳು. ಆಮೇಲೆ ಬಚ್ಚಲು ಎಲ್ಲಿ ಎಂದು ಕೇಳಿ ಹೋಗಿ ಬಂದಳು.

ಕೀರ್ತಿ ಮಡಿಚಿದ ಟವೆಲ್ಲು ಹಿಡಿದು ನೋಡುತ್ತಿದ್ದಳು. "ಇವತ್ತು ನಿಂಗೆ ರಜಾ. ಅದಕ್ಕೆ ಕುಡುದೆ."

"ನಾಳೆ ಅಂಗಡೀಲೂ ಕುಡೀತೀನಿ."

"ಸುಳ್ಳು."

ಕೀರ್ತಿ ಆ ದಿನ ಅಲ್ಲಿ ನೀರು ಮುಟ್ಟಲಿಲ್ಲ.

ಮರುದಿನ ಬಿಂದುಶ್ರೀ ಅಂಗಡಿಯಲ್ಲಿ ಬಾಟಲಿ ಎತ್ತಿ ಕುಡಿದಳು. ಪಕ್ಕದ ಹುಡುಗಿ ಕಣ್ಣರಳಿಸಿದಳು. ಸ್ವಲ್ಪ ಹೊತ್ತಿಗೆ ಅವಳು ಏಳಲೇಬೇಕಾಯಿತು. ಮ್ಯಾನೇಜರ್ ರುದ್ರಸ್ವಾಮಿ ಕನ್ನಡಕದ ಮೇಲಿಂದ ನೋಡಿದರು.

"ಏನಮ್ಮ, ಯಾವತ್ತೂ ಇಲ್ದಿದ್ದು? ಮೇಲೆ ಹೋಗಿ ಫೋನ್ ಮಾಡೋಕಾ?"

"ಅಲ್ಲ ಸಾರ್. ಬಾತ್‌ರೂಮಿಗೆ" ಎಂದಳು, ಗಿರಾಕಿಗಳಿಗೂ ಕೇಳಿಸುವಂತೆ. ಅವರು ನಂಬದೆ, ಅವಳು ಮೆಟ್ಟಿಲು ಹತ್ತುವವರೆಗೂ ನೋಡುತ್ತಲೇ ಇದ್ದರು.

ಸಂಜೆ ಕೀರ್ತಿ ಗೇಟಿನಲ್ಲೇ ಕಾದಿದ್ದಳು. "ಕುಡುದ್ಯಾ?"

ಬಿಂದುಶ್ರೀ ಬಾಟಲಿ ತೆಗೆದುಕೊಟ್ಟಳು. ಮಗಳು ಅದನ್ನು ಅಲ್ಲಾಡಿಸಿದಳು, ಮುಚ್ಚಳ ತೆಗೆದು ಒಳಗೆ ಇಣುಕಿದಳು.

"ಎದ್ದೋದ್ಯಾ? ಸಾರ್ ಬೈದ್ರಾ?"

"ಎದ್ದೋದೆ. ಬೈಲಿಲ್ಲ. ದುರುಗುಟ್ಕೊಂಡು ನೋಡಿದ್ರು ಅಷ್ಟೇ."

ಕೀರ್ತಿ ಬಾಟಲಿಯ ಮುಚ್ಚಳ ಹಾಕಿ ಅಮ್ಮನ ಕೈಗೆ ಕೊಟ್ಟಳು. ಆಮೇಲೆ ಮಂಜುಳಮ್ಮನ ಬಾಗಿಲಿಗೆ ಓಡಿ, "ಅಜ್ಜಿ, ನೀರು" ಎಂದಳು.